ಅಣ್ಣನ ಡಬ್ಬದ ಎಣ್ಣೆ

ಮಾರ್ಚ್ 3, ಸಂಜೆ 6.40

ಏಳು ಕ್ಲಿನಿಕ್, ನಲವತ್ತೊಂದು ರಕ್ತದ ಸ್ಯಾಂಪಲ್. ಎಲ್ಲವೂ ಹೊತ್ತಿಗೆ ಸರಿಯಾಗಿ ಲ್ಯಾಬ್ ಸೇರಿದವು. ವಾಪಸ್ ಹೊರಟಾಗ ಲ್ಯಾಬಿನ ಗೇಟ್ ಎದುರೇ ಬಿದ್ದೆ. ಮರಳು, ಮುಂದಿನ ಬ್ರೇಕು... ಅಷ್ಟೇ. ಐಸ್ ಬಾಕ್ಸ್ ಖಾಲಿ ಇತ್ತು, ಪುಣ್ಯ. ಮೊಣಕೈ ತರಚಿದೆ. ಕ್ಲಚ್ ಲಿವರ್ ಮುರಿದಿದೆ. ಬೈಕ್ ಮಗ್ಗುಲಾಗಿ ಬಿದ್ದದ್ದಕ್ಕೆ ಎಂಜಿನ್ ಎಣ್ಣೆ ಒಂದಿಷ್ಟು ಸೋರಿತು.

ಮನೆಗೆ ಬಂದು ಹೊಸ ಲಿವರ್ ಹಾಕಿದೆ. ಹಳೆಯ ಎಣ್ಣೆಯನ್ನೂ ಪೂರ್ತಿ ಬಸಿದೆ. ಅಟ್ಟದ ಮೇಲೆ ಅಣ್ಣನ ಡಬ್ಬ ಇತ್ತು. ಮುಚ್ಚಳಕ್ಕೆ ಅವನು ಸುತ್ತಿದ ಬಟ್ಟೆ, ಅವನು ಹಾಕಿದ ಗಂಟು. ಬಿಚ್ಚಲು ಐದು ನಿಮಿಷ ಬೇಕಾಯಿತು. ಉಳಿದಿದ್ದನ್ನೆಲ್ಲ ಸುರಿದೆ. ಅವನ ಬೈಕು, ಅವನ ಎಣ್ಣೆ. ಆಸ್ಪತ್ರೆಗೆ ಹೊರಟಾಗ ಬೀಗದ ಕೈ ನನ್ನ ಕೈಗಿಟ್ಟಿದ್ದ. ವಾಪಸ್ ಕೇಳಲು ಬರಲಿಲ್ಲ. ಹತ್ತು ತಿಂಗಳಾಯಿತು.

ಮಾರ್ಚ್ 5, ಮಧ್ಯಾಹ್ನ 2

ಸರಿಯಿಲ್ಲ. ಮೇಲ್ಸೇತುವೆ ಹತ್ತುವಾಗ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಚಕ್ರಕ್ಕೆ ಮಾತ್ರ ಅವಸರವಿಲ್ಲ. ಲ್ಯಾಬಿಗೆ ಇಪ್ಪತ್ತು ನಿಮಿಷ ತಡ. ಮೇಲ್ವಿಚಾರಕರು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ.

ಮೆಕ್ಯಾನಿಕ್ ಒಂದು ಸುತ್ತು ಓಡಿಸಿಕೊಂಡು ಬಂದ. "ಕ್ಲಚ್ ಪ್ಲೇಟ್ ಹೋಗಿದೆ ಅಕ್ಕಾ. ಎಂಜಿನ್ ಬಿಚ್ಚಬೇಕು. ಹಳೇ ಬೈಕು, ಮಾರಿಬಿಡಿ."

"ಮೊನ್ನೆ ಬೆಳಿಗ್ಗೆ ಸೇತುವೆ ಚೆನ್ನಾಗೇ ಹತ್ತಿತ್ತು. ಪ್ಲೇಟ್ ಒಂದೇ ದಿನಕ್ಕೆ ಸವೆಯುತ್ತಾ?"

"ಸವೆಯೋದು ನಮಗೆ ಹೇಳಿ ಸವೆಯುತ್ತಾ?"

ಬಿಚ್ಚಲು ಕೊಡಲಿಲ್ಲ. ತಂದುಬಿಟ್ಟೆ.

ಮಾರ್ಚ್ 6, ಸಂಜೆ

ಚಿಕ್ಕಪ್ಪ ಬಂದಿದ್ದರು. ಮೆಕ್ಯಾನಿಕ್ ಮಾತು ಅದಾಗಲೇ ಅವರ ಕಿವಿಗೆ ಬಿದ್ದಿದೆ. ಚಪ್ಪಲಿ ಬಿಡುವ ಮೊದಲೇ ಅತ್ತಿಗೆಗೆ, "ಹದಿನೈದನೇ ತಾರೀಕು ಭಾನುವಾರ ಹತ್ತು ಗಂಟೆಗೆ ಒಬ್ಬ ಬರ್ತಾನೆ, ಬೈಕ್ ನೋಡೋಕೆ. ಕಾಗದ ತೆಗೆದಿಡಮ್ಮ." ಕಾಗದ ಈಗ ಅತ್ತಿಗೆಯ ಹೆಸರಿನಲ್ಲಿದೆ.

"ಬೈಕ್ ಹೋದ್ರೆ ನನ್ನ ಕೆಲಸಾನೂ ಹೋಗುತ್ತೆ, ಚಿಕ್ಕಪ್ಪ."

"ಹೆಣ್ಣು ಹುಡುಗಿಗೆ ಗೇರ್ ಗಾಡಿ ಯಾಕೆ? ಬಿದ್ದಿದ್ದು ಸಾಲದಾ?"

"ಹೋದ ವರ್ಷ ನೀವು ಮೆಟ್ಟಿಲ ಮೇಲಿಂದ ಬಿದ್ರಿ. ಮನೆ ಮಾರಿದ್ರಾ?"

ಅತ್ತಿಗೆ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಚಿಕ್ಕಪ್ಪ ಹೋದ ಮೇಲೆ ನನ್ನ ಪಕ್ಕ ಕೂತರು. ಈಗ ನಗು ಇರಲಿಲ್ಲ.

"ನಂಗೂ ಅದು ಬೇಡ ಕಣೇ. ಗೇಟ್ ಹತ್ರ ಆ ಸದ್ದು ಕೇಳಿದ್ರೆ ಈಗ್ಲೂ ಎದ್ದು ಬಾಗಿಲಿಗೆ ಹೋಗ್ತೀನಿ. ದಿನಾ ನೀನೇ ಇರ್ತೀಯ."

ನಾನು ಹೇಳಿದೆ — ಹದಿನೈದರೊಳಗೆ ಅದು ಸೇತುವೆ ಹತ್ತಿದರೆ ಮಾರಬೇಡಿ. ಅತ್ತಿಗೆ ಎದ್ದು ಅಡುಗೆಮನೆಗೆ ಹೋದರು.

ಮಾರ್ಚ್ 12, ಸಂಜೆ 5

ಬರೆಯಲು ಏನಿತ್ತು? ಬಸ್ಸು. ತೊಡೆಯ ಮೇಲೆ ಐಸ್ ಬಾಕ್ಸ್. ಮೂರು ದಿನ ಲ್ಯಾಬಿಗೆ ತಡವಾಗಿ ಮುಟ್ಟಿದೆ. ಮೇಲ್ವಿಚಾರಕರು ಇವತ್ತು ಬಾಯಿ ಬಿಟ್ಟರು. "ಭಾನುವಾರದಿಂದ ಗಾಡಿ ಇದ್ರೆ ಬಾಮ್ಮ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ."

ನೋಡಿಕೊಳ್ಳಲಿ. ಇನ್ನೂ ಭಾನುವಾರ ಆಗಿಲ್ಲ.

ಅಣ್ಣ ಕಲಿಸಿದ್ದನ್ನು ಒಂದೊಂದಾಗಿ ಮಾಡಿದೆ. ಲಿವರ್ ಬುಡದಲ್ಲಿ ಎರಡು ನಾಣ್ಯದ ದಪ್ಪದಷ್ಟು ಸಡಿಲ ಇರಬೇಕು — ಇದೆ. ಕೇಬಲ್ ಎಲ್ಲೂ ಸಿಕ್ಕಿಕೊಂಡಿಲ್ಲ. ಮುಂದಿನ ಚಕ್ರವನ್ನು ಗೋಡೆಗೆ ಆನಿಸಿ, ಬ್ರೇಕ್ ಒತ್ತಿ, ಕೊನೆಯ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಥಟ್ಟನೆ ನಿಲ್ಲಬೇಕು. ನಿಲ್ಲಲಿಲ್ಲ, ಗೊಣಗುತ್ತಲೇ ಇತ್ತು. ಕ್ಲಚ್ ಒಳಗೇ ಜಾರುತ್ತಿದೆ. ಎಣ್ಣೆ ಮೂಸಿದೆ, ಸುಟ್ಟ ವಾಸನೆ ಇಲ್ಲ. ಹಾಗಾದರೆ ಪ್ಲೇಟ್ ಸುಟ್ಟಿಲ್ಲ.

ಬಿದ್ದ ಮೇಲೆ ಬದಲಾದದ್ದೇನು? ಬರೆದುಕೊಂಡೆ. ಲಿವರ್. ಎಣ್ಣೆ.

'ಎಣ್ಣೆ'ಯ ಮೇಲೆ ಅಡ್ಡಗೆರೆ ಎಳೆದೆ. ಅದು ಅಣ್ಣನದು.

ಮಾರ್ಚ್ 13, ಬೆಳಿಗ್ಗೆ 10

ಅತ್ತಿಗೆ ಅಟ್ಟದಿಂದ ಇಳಿದರು. ಕೈಯಲ್ಲಿ ಖಾಲಿ ಡಬ್ಬ.

"ಇದನ್ನ ಯಾರು ಖಾಲಿ ಮಾಡಿದ್ದು? ವ್ಯಾನಿಂದಲ್ವಾ ಇದು?"

ಅಣ್ಣ ಶಾಲೆಯ ವ್ಯಾನ್ ಓಡಿಸುತ್ತಿದ್ದ.

"ಬೈಕಿಗೆ ಬೇರೆ ತರ್ತಿದ್ರು, ಒಂದೊಂದೇ ಲೀಟರು. ಎರಡೆರಡು ಯಾಕೆ ಅಂತ ನಾನು ಬೈದಿದ್ದೆ. ವ್ಯಾನಿನ ಎಣ್ಣೆ ಬೈಕಿಗೆ ಹಾಕಿದ್ರೆ ಕ್ಲಚ್ಚಿಗೆ ಸೋಪು ಹಚ್ಚಿದ ಹಾಗೆ ಅಂದಿದ್ರು."

ಬೈಕಿನ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿ ಕೆಲಸ ಮಾಡುತ್ತದೆ, ವ್ಯಾನಿನದು ಒಣ. ಗೊತ್ತಿದ್ದ ವಿಷಯ. ಡಬ್ಬದ ಹಿಂದೆಯೂ ಅಚ್ಚಾಗಿದೆ — ಕಾರು, ವ್ಯಾನುಗಳಿಗೆ ಮಾತ್ರ. ನಾನು ಗಂಟು ನೋಡಿದೆ. ಅಕ್ಷರ ನೋಡಲಿಲ್ಲ.

"ಮಾರ್ಬೇಕು ಅಂತಿದ್ರಲ್ಲ. ಮತ್ತೆ ಯಾಕೆ ಹೇಳಿದ್ರಿ?"

"ಮಾರೋದು ಬೇರೆ. ಅವರು ಸಾಕಿದ ಗಾಡಿ ಕೆಟ್ಟಿದೆ ಅಂತ ಹೇಳಿ ಮಾರೋದು ಬೇರೆ."

ಮಾರ್ಚ್ 14, ಸಂಜೆ 5.30

ಬಸಿದೆ. ಬೋಗುಣಿಯಲ್ಲಿ ಅಣ್ಣನ ಎಣ್ಣೆ ಇನ್ನೂ ಜೇನಿನ ಬಣ್ಣ. ಕೊನೆಯ ಹನಿಯವರೆಗೂ ಕಾದೆ. ಬೈಕಿನದೇ ಹೊಸ ಎಣ್ಣೆ ತಂದು ಹಾಕಿ, ಹತ್ತು ನಿಮಿಷ ಓಡಿಸಿ, ಅದನ್ನೂ ಬಸಿದೆ. ಮತ್ತೆ ಹೊಸದು. ಪ್ಲೇಟ್ ತೊಳೆಯಬೇಕಲ್ಲ.

ಸೇತುವೆ. ಮೊದಲ ಸಲ ಜಾರಿತು. ಎರಡನೇ ಸಲ ಅರ್ಧದವರೆಗೆ ಹಿಡಿಯಿತು. ಮೂರನೇ ಸಲ ಮೂರನೇ ಗೇರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಿ ನೆತ್ತಿ ಮುಟ್ಟಿದೆ. ಹೆಲ್ಮೆಟ್ ಒಳಗೆ ಏನೋ ಕೂಗಿದೆ. ಏನೆಂದು ಬರೆಯುವುದಿಲ್ಲ.

ವಾಪಸ್ ಬರುವಾಗ ಮೆಕ್ಯಾನಿಕ್ ಅಂಗಡಿ ಮುಂದೆ ಬೇಕೆಂದೇ ನಿಧಾನ ಮಾಡಿದೆ.

ಚಿಕ್ಕಪ್ಪನ ಫೋನು ಅತ್ತಿಗೆಯೇ ಎತ್ತಿದರು. "ಬರೋದು ಬೇಡ ಅಂತ ಹೇಳಿಬಿಡಿ, ಚಿಕ್ಕ ಮಾವ. ಕಾಗದ ಕೊಡಲ್ಲ." ಆಚೆಯಿಂದ ಬಹಳ ಹೊತ್ತು ಮಾತು ಬಂತು. ಅತ್ತಿಗೆ ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆ ಮಡಚಿದರು.

ಆಮೇಲೆ ನನಗೆ: "ಗೇಟ್ ಹತ್ರ ಬಂದಾಗ ಎರಡು ಸಲ ಹಾರ್ನ್ ಹೊಡಿ. ಅವರು ಹೊಡೀತಿರ್ಲಿಲ್ಲ. ನೀನು ಅಂತ ಗೊತ್ತಾಗ್ಲಿ."

ಬಾಕ್ಸಿನ ಐಸ್ ಪ್ಯಾಕುಗಳು ಫ್ರಿಜ್ಜಿನಲ್ಲಿವೆ. ನಾಳೆ ಆರೂಕಾಲಿಗೆ ಮೊದಲ ಕ್ಲಿನಿಕ್.