ಎದೆಯ ಮೇಲೆ ಕೈ

ಹೊಲಿಗೆ ಅಂಗಡಿ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

‘ಪ್ರೀತಿಯ’ ಅಂತ ಕೈ ರೂಢಿಯಲ್ಲಿ ಬರೆದುಬಿಟ್ಟಿತು, ಇರಲಿ. ಹೇಗಿದ್ದೀಯ? ಕೆಮ್ಮು ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೇ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ನನಗೆ ಮಾತ್ರ ನಿನ್ನ ಹೆಸರೆತ್ತಿದರೆ ವಾಕರಿಕೆ. ಕೋಪವಲ್ಲ ಕಣೋ, ಹೇಸಿಗೆ.

ನಮ್ಮಲ್ಲಿ ಗುಂಡಿ ಹಾಕುವ ಹುಡುಗಿಯನ್ನು ಮರೆತಿಲ್ಲವಲ್ಲ? ಹೋದ ವರ್ಷ ನೀನು ಕೆಲಸಕ್ಕೆಂದು ಹೊರಟಾಗ ಅವಳು ಇಸ್ತ್ರಿ ಮೇಜಿನ ಪಕ್ಕ ನಿಂತು, ‘ಮದುವೆ ಯಾವಾಗ ಆಗೋಣ?’ ಎಂದು ಕೇಳಿದಳಂತೆ. ನೀನು ಎದೆಯ ಮೇಲೆ ಕೈಯಿಟ್ಟು, ‘ಮುಂದಿನ ವರ್ಷ, ಪ್ರಾಬಬ್ಲಿ’ ಅಂದೆಯಂತೆ. ಇಂಗ್ಲಿಷ್ ಓದದ ಹುಡುಗಿ. ಎದೆ ಮುಟ್ಟಿಕೊಂಡು ಹೇಳಿದ್ದರಿಂದ ಅದು ಆಣೆಯ ಮಾತೆಂದೇ ತಿಳಿದಳು. ನಮ್ಮ ಕಟಿಂಗ್ ಮಾಸ್ತರು ಬಾಯಿಬಿಟ್ಟು, ‘ನನ್ನನ್ನು ಮದುವೆಯಾಗುತ್ತೀಯಾ?’ ಎಂದು ಅವಳನ್ನು ಕೇಳಿದಾಗ, ‘ಇಲ್ಲ ಮಾಸ್ತರೇ, ಅವರು ನಂಗೆ ಪ್ರಾಬಬ್ಲಿ ಹೇಳಿ ಹೋಗಿದಾರೆ’ ಅಂದುಬಿಟ್ಟಳು. ಪಾಪ, ಅವರು ಮತ್ತೆ ಕತ್ತರಿ ಹಿಡಿದು ಬಟ್ಟೆ ಕತ್ತರಿಸತೊಡಗಿದರು. ಇವಳು ಬಿಡುವಾದಾಗಲೆಲ್ಲ ತನ್ನ ಮದುವೆಯ ಬಟ್ಟೆ ಹೊಲಿದುಕೊಳ್ಳುತ್ತಿದ್ದಳು. ನೂಲಿನ ಬಣ್ಣ ಆರಿಸಿಕೊಟ್ಟವಳು ನಾನು.

ಮೊನ್ನೆ ಫೋನಿನಲ್ಲಿ ಯಾವಾಗ ಬರುತ್ತೀಯೋ ಎಂದು ಕೇಳಿದರೆ ನಕ್ಕೆಯಲ್ಲ, ‘ಅಕ್ಕಾ, ನಾನು ಪ್ರಾಬಬ್ಲಿ ಅಂದಿದ್ದೆ, ಖಂಡಿತ ಅಂದಿದ್ನಾ?’ ಅಂತ. ಥೂ! ‘ಬಹುಶಃ’ ಅನ್ನಲು ನಿನ್ನ ನಾಲಿಗೆಗೇನು ರೋಗ ಬಂದಿತ್ತು? ಕನ್ನಡದಲ್ಲಿ ಹೇಳಿದ್ದರೆ ಅವಳಿಗೆ ಆ ದಿನವೇ ಅರ್ಥವಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಪ್ರಾಬಬ್ಲಿ ಅಂದರೆ ಆಗುವ ಸಂಭವವೇ ಹೆಚ್ಚು ಎಂಬ ಅರ್ಥ, ನಾನೂ ನಾಲ್ಕಕ್ಷರ ಕಲಿತಿದ್ದೇನೆ. ನಿನ್ನ ಮನಸ್ಸಿನಲ್ಲಿ ಅದು ಕಾಲುಭಾಗವಾದರೂ ಇತ್ತೇ? ಇಲ್ಲದಿದ್ದರೆ ಕೈಯನ್ನು ಎದೆಗೆ ಒಯ್ದದ್ದು ಯಾತಕ್ಕೆ, ತುರಿಸಿಕೊಳ್ಳಲಿಕ್ಕಾ? ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು ಅಂತ ನೆನೆದರೆ ನನ್ನ ಕೈಯನ್ನೇ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅರ್ಥವನ್ನು ಅವಳಿಗೆ ನಾನೇ ಹೇಳಿದೆ. ಅಳಲಿಲ್ಲ. ‘ಅಷ್ಟೇನಾ ಅಕ್ಕಾ?’ ಎಂದು ನೂಲನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಇನ್ನೊಂದು ಗುಂಡಿ ತೆಗೆದುಕೊಂಡಳು.

ಅಮ್ಮ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಅದು ಅವಳದು. ನಾನು ಹೇಳುವುದು ಇಷ್ಟೇ, ಕೆಮ್ಮಿಗೆ ಔಷಧಿ ತಗೋ.

ನಿನ್ನ ಅಕ್ಕ

ವಿ.ಸೂ.: ಲಕೋಟೆ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಮಾಸ್ತರು ನನ್ನೆದುರಿಗೇ ಅವಳನ್ನು ಇನ್ನೊಮ್ಮೆ ಕೇಳಿದರು. ಅವಳು ಎದೆಯ ಮೇಲೆ ಕೈಯಿಟ್ಟು ‘ಪ್ರಾಬಬ್ಲಿ’ ಅಂದಳು. ಮಾಸ್ತರ ಮದುವೆಯ ಅಂಗಿಗೆ ಅಳತೆ ತೆಗೆದಾಯಿತು. ನೀನು ಬರಬೇಡ.