ಯಾರ ಗುಳಿಗೆ ಯಾರಿಗೆ

ಖಾನಾಪುರ
ಭಾನುವಾರ, ೧೩ ಜುಲೈ ೨೦೨೫

ಪ್ರೀತಿಯ ಮುಗ್ಧಾ,

ಆರಾಮ ಇದ್ದೀಯಾ? ಹೈದರಾಬಾದಿನ ಲ್ಯಾಬಿನಲ್ಲಿ ಹೊತ್ತಿಗೆ ಸರಿಯಾಗಿ ಊಟವಾಗುತ್ತದೆ ಅನ್ನುತ್ತಿ, ನಾನು ನಂಬಿಲ್ಲ. ವಿಡಿಯೋದಲ್ಲಿ ನಿನ್ನ ಗಲ್ಲ ಒಳಗೆ ಹೋಗಿದ್ದು ಕಾಣುತ್ತದೆ. ನಿಮ್ಮಪ್ಪ ಆರಾಮ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತಿ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನೋಡು, ಎಷ್ಟು ನೆಟ್ಟಗಿವೆ. ಹೋದ ವರ್ಷ ಶಾಲೆಯಲ್ಲಿ ಸೀಮೆಸುಣ್ಣದ ಖಡು ಹಿಡಿಯಲಾಗದೆ ಮಕ್ಕಳ ಕೈಲಿ ಫಲಕದ ಮೇಲೆ ಬರೆಸುತ್ತಿದ್ದವಳು ನಾನೇ.

ಬೆಳಗಾವಿಯಲ್ಲಿ ಹೊಸ ಗುಳಿಗೆಯ ಪ್ರಯೋಗ ನಡೆದಿದೆ, ಸೇರು ಅಂತ ದುಂಬಾಲು ಬಿದ್ದವಳು ನೀನು. ಮೈ ಕಾಯುವ ಪಡೆಯೇ ತಲೆಕೆಟ್ಟು ಮನೆಯವರನ್ನು ಬಡಿಯುವುದು ನನ್ನ ಈ ಸಂಧಿವಾತ, ಅದನ್ನು ತಡೆಯುವ ಹಿರಿಯರಂಥ ಟಿ ಸೆಲ್‌ಗಳೂ ರಕ್ತದಲ್ಲೇ ಇರುತ್ತವೆ, ನಿಮ್ಮಂಥವರು ಕೂಡಿಸುವ ಸಣ್ಣ ಅಣು ಹೊಟ್ಟೆಗೆ ಹೋದರೆ ಅವು ಹೆಚ್ಚುತ್ತವೆ ಅಂದೆ ನೀನು. ನನಗೆ ಆಗಲೇ ಅನುಮಾನ. ನಮ್ಮ ಪೀರನವಾಡಿಯ ಜಾಗ ಹಂಚುವಾಗ ಬಂದ ಹಿರಿಯರು ಟೀ ಕುಡಿದು, ನಿನ್ನ ಕಾಕಾನ ಕಡೆ ವಾಲಿ, ಎದ್ದು ಹೋಗಿದ್ದರು. ಅಂಥವರು ಮೈಯೊಳಗೂ ಹೆಚ್ಚಬೇಕೇ? ಮೇಲಾಗಿ ಅರ್ಧ ಜನಕ್ಕೆ ಖರೇ ಔಷಧವಂತೆ, ಉಳಿದವರಿಗೆ ನೋಡಲು ಹಾಗೇ ಕಾಣುವ ಬರೀ ಹಿಟ್ಟಿನ ಗುಳಿಗೆಯಂತೆ. ಯಾರಿಗೆ ಯಾವುದು ಅನ್ನುವುದು ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಇದನ್ನು ಯಾರು ನಂಬುತ್ತಾರೆ?

ನನ್ನ ಜೊತೆಗೇ ಸೇರಿದವಳು ಅಖ್ತರಿ, ಇಲ್ಲಿ ಬಜಾರಿನಲ್ಲಿ ಸೀರೆಗೆ ಫಾಲ್ ಹಚ್ಚುವವಳು. ತಪಾಸಣೆಗೆ ಇಬ್ಬರೂ ಒಂದೇ ರೈಲಿಗೆ ಹೋಗುತ್ತೇವೆ. ಅವಳ ಬೆರಳಿನ ಬಾವು ಬೇಗ ಇಳಿಯಿತು, ಸೂಜಿಗೆ ದಾರ ಪೋಣಿಸತೊಡಗಿದಳು. ನನ್ನವು ಮೊದಲಿನಂತೆಯೇ. ನನ್ನ ಪಾಲಿಗೆ ಹಿಟ್ಟೇ ಬಂದಿದೆ ಅಂತ ದಾರಿಯುದ್ದಕ್ಕೂ ಗೊಣಗಿದೆ. ಕೊನೆಗೆ ಅವಳೇ, ರೈಲಿನಲ್ಲಿ ಬುತ್ತಿ ಹಂಚಿಕೊಳ್ಳುವುದಿಲ್ಲವೇ, ಗುಳಿಗೆಯನ್ನೂ ಅರ್ಧರ್ಧ ಮಾಡಿಕೊಳ್ಳೋಣ ಅಂದಳು. ತಪ್ಪು ಅಂತ ಗೊತ್ತಿತ್ತು, ಆಸೆಗೆ ಹೂಂ ಅಂದೆ. ಮುಚ್ಚಳ ತಿರುವಲು ನನ್ನಿಂದ ಆಗದ್ದಕ್ಕೆ ಎರಡೂ ಬಾಟಲಿಗಳನ್ನು ತನ್ನ ಮನೆಗೆ ಒಯ್ದು, ಬೆರೆಸಿ ತಂದುಕೊಟ್ಟಳು. ಹೊಸ ಬಾಟಲಿ ಬಂದಾಗಲೆಲ್ಲ ಹಾಗೇ. ನನ್ನ ಕೈ ಹಗುರಾಗುತ್ತ ಬಂತು.

ಈಚೆಗೆ ಅವಳು ರೈಲಿನಲ್ಲಿ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಕೂರುತ್ತಿದ್ದಳು. ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಅವಳ ಕೈ ನನ್ನದಕ್ಕಿಂತ ನೆಟ್ಟಗಾಗಿರಬೇಕು, ಒಳ್ಳೆಯ ಗುಳಿಗೆಗಳನ್ನು ನನಗೆ ಕಾಣದಂತೆ ತೆಗೆದಿಟ್ಟುಕೊಂಡಿದ್ದಾಳೆ ಅಂದುಕೊಂಡೆ. ಮೊನ್ನೆ ಇಳಿಯುವಾಗ ಸೆರಗು ಸರಿಸಿ ನೋಡಿದರೆ ಬೆರಳೆಲ್ಲ ಬಾತು ಕೆಂಪಾಗಿದ್ದವು. ಗದರಿಸಿ ಕೇಳಿದ ಮೇಲೆ ಬಾಯಿ ಬಿಟ್ಟಳು. ಅರ್ಧವಲ್ಲ, ತನ್ನ ಬಾಟಲಿಯನ್ನು ಪೂರ್ತಿ ನನಗೆ ಸುರಿದು, ನನ್ನದನ್ನು ತಾನು ನುಂಗುತ್ತಿದ್ದಳು. ಅವಳಿಗೆ ಶಗುಫ್ತಾ ಅಂತ ಮಗಳಿದ್ದಾಳೆ. “ನನ್ನ ಮಷೀನು ಶಗುಫ್ತಾ ನಡಸ್ತಾಳ್ರೀ ಅಕ್ಕೋರ. ನಿಮ್ಮ ಖಡು ಯಾರ ಹಿಡೀಬೇಕು? ಸುಮ್ಮ ನಡೀರಿ,” ಅಂದಳು. ನನಗೆ ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಅಳು ಬಂತು, ಮುಗ್ಧಾ. ಇಂಥವಳ ಮೇಲೆ ಅನುಮಾನಪಟ್ಟೆನಲ್ಲ.

ನಾನು ಸುಮ್ಮನಿದ್ದರೆ ಅವಳ ಕೈ ಹೀಗೇ ಕೆಡುತ್ತದೆ, ಔಷಧ ಅವಳಿಗೆ ನಾಟಲಿಲ್ಲ ಅಂತ ಡಾಕ್ಟರು ತಪ್ಪು ತಿಳಿಯುತ್ತಾರೆ. ಹೇಳಿದರೆ ಇಬ್ಬರನ್ನೂ ಹೊರಗೆ ಹಾಕಬಹುದು, ಆ ಗುಳಿಗೆ ಇಬ್ಬರಿಗೂ ಮತ್ತೆ ಸಿಗದಿರಬಹುದು. ಯಾರಿಗೂ ಹೇಳಬಾರದು ಅಂತ ಅವಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ.

ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಆಯಿ,
ಸುಮನ್

ತಾ.ಕ.: ಆಣೆ ಮುರಿಯುತ್ತಿದ್ದೇನೆ. ನಾಳೆ ಒಬ್ಬಳೇ ಬೆಳಗಾವಿಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳುತ್ತೇನೆ, ನನ್ನನ್ನು ಬಿಟ್ಟರೂ ಸೈ, ಅವಳನ್ನು ಬಿಡಬೇಡಿ ಅಂತ ಕೇಳುತ್ತೇನೆ. ಈ ಪತ್ರ ನಿನಗೆ ಮುಟ್ಟುವಷ್ಟರಲ್ಲಿ ಅಖ್ತರಿ ನನ್ನ ಸಂಗಡ ಮಾತು ಬಿಟ್ಟಿರುತ್ತಾಳೆ. ಬಿಡಲಿ. ಅವಳು ನನ್ನನ್ನು ಕೇಳಿ ಮಾಡಲಿಲ್ಲ, ನಾನೂ ಅವಳನ್ನು ಕೇಳುವುದಿಲ್ಲ.