ದೊಡ್ಡಪ್ಪನ ನಂಬರು

ಫೆಬ್ರವರಿ 11, ಮಂಗಳವಾರ

ಇಂದೂ ನೆಟ್ ಕೈಕೊಟ್ಟಿತು. ಅಣಕು ಸಂದರ್ಶನದ ಮಧ್ಯೆ ಗೈಡ್ ಮೇಡಂ ಮುಖ ಅರ್ಧ ತೆರೆದ ಬಾಯಿಯೊಂದಿಗೆ ಪರದೆಯ ಮೇಲೆ ನಿಂತುಬಿಟ್ಟಿತು. ನನ್ನ ಉತ್ತರ ಅವರಿಗೆ ತಲುಪಲಿಲ್ಲ. ಒಳ್ಳೆಯ ಉತ್ತರವಾಗಿತ್ತು.

ಮಾರ್ಚ್ 6ಕ್ಕೆ ಫೆಲೋಶಿಪ್ಪಿನ ನಿಜವಾದ ಸಂದರ್ಶನ. ಅದೂ ಆನ್‌ಲೈನ್. ಸಂಖ್ಯಾಶಾಸ್ತ್ರದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಪಡೆದವಳು ಚಳ್ಳಕೆರೆಯ ಒಂದು ಹಳೆಯ ಟೆಲಿಫೋನ್ ತಂತಿಯಿಂದಾಗಿ ಸೋಲುವುದೆ? ಸಾಧ್ಯವಿಲ್ಲ.

ಊಟದ ಹೊತ್ತಿಗೆ ಹೊಸ ನೆಟ್ ಹಾಕಿಸುವ ವಿಷಯ ತೆಗೆದೆ. ಅಪ್ಪ ಎಣ್ಣೆ ಮಿಲ್ಲಿನಿಂದ ಆಗಷ್ಟೇ ಬಂದಿದ್ದರು. "ನೀನು ಓದಿದೋಳು. ಯಾವ್ದು ಸರಿ ಕಾಣ್ತೈತೋ ನೋಡಿ ಹಾಕ್ಸವ್ವ" ಎಂದರು. ಮುದ್ದೆ ಮುರಿಯುವುದರೊಳಗೆ ತೀರ್ಮಾನವಾಯಿತು.

ಫೆಬ್ರವರಿ 13, ಗುರುವಾರ

ಎರಡು ದಿನ ಬೀದಿಯ ಮನೆಗಳಲ್ಲಿ ವಿಚಾರಿಸಿದೆ. ಮಾಳಿಗೆಯ ಮೇಲೆ ಬಿಳಿ ಡಬ್ಬಿ ಕೂರಿಸುವ ದೊಡ್ಡ ಕಂಪನಿಯದು ಜಾಹೀರಾತಿನಲ್ಲಿ ಮಾತ್ರ ವೇಗ. ನಮ್ಮೂರಿನ ಗಾಳಿ ಎದ್ದರೆ ಕುಂಟುತ್ತದೆ. ಕೇಬಲ್ ಕೃಷ್ಣಮೂರ್ತಿಯವರ ಫೈಬರ್ ಇರುವ ಮನೆಗಳಲ್ಲಿ ಯಾರೂ ದೂರಲಿಲ್ಲ. ಅದೇ ಎಂದು ನಿರ್ಧರಿಸಿದೆ. ಹಳೆಯ ಲೈನ್ ಬಿಟ್ಟುಕೊಡುವ ಅರ್ಜಿಯನ್ನೂ ಬರೆದು ಟೆಲಿಫೋನ್ ಕಚೇರಿಗೆ ಕೊಟ್ಟು ಬಂದೆ. ಅಲ್ಲಿದ್ದವರು ಎರಡು ಸಲ ಓದಿ, "ಚೆಂದ ಬರೆದೀರಮ್ಮ" ಎಂದರು.

ಒಂದು ಮಾತು ಬರೆದಿಡಬೇಕು. ಹೊರಡುವ ಮುನ್ನ ಅಜ್ಜಿ ಕೇಳಿದಳು. ಗೋಡೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದಿಸಿಟ್ಟಿರುವ ಫೋನಿನ ಕಡೆಗೆ ಮುಖ ತಿರುಗಿಸಿ. ಕಣ್ಣು ಮಂಜಾದ ಮೇಲೆ ಅವಳು ಕುಳಿತುಕೊಳ್ಳುವುದೇ ಅದರ ಪಕ್ಕ.

"ಫೋನಿನ ನಂಬರು ಹಂಗೇ ಇರ್ತೈತೇನೇ?"

"ಇರ್ತೈತೆ ಅಜ್ಜಿ. ಈಗೆಲ್ಲ ಕಂಪನಿ ಬದ್ಲಾದ್ರೂ ನಂಬರ್ ಬದ್ಲಾಗಲ್ಲ. ಮೊಬೈಲಿಗೆ ಮಾಡಿಲ್ವಾ ಅಪ್ಪ?"

"ಅಲ್ಲಾ, ಯತ್ತಂಗೆ ಬರೋದು ಅದೊಂದೇ."

"ಅವನಿಗೆ ಹೇಳಿಕೊಟ್ಟೋಳೇ ನಾನು. ನನಗೇ ಹೇಳ್ತೀಯಲ್ಲ!"

ಯತ್ತಪ್ಪ ದೊಡ್ಡಪ್ಪ, ಅಪ್ಪನ ಅಣ್ಣ. ಮದುವೆಯಾಗಲಿಲ್ಲ, ಕುರಿಯೇ ಸಂಸಾರ. ದೀಪಾವಳಿ ಕಳೆದ ಮೇಲೆ ಹಿಂಡು ಹೊಡೆದುಕೊಂಡು ರಾಯದುರ್ಗದಾಚೆಯ ನೀರಾವರಿ ಹೊಲಗಳಿಗೆ ಹೋದರೆ ಬರುವುದು ಮುಂಗಾರಿಗೆ. ಅಪ್ಪ ಕೊಡಿಸಿದ ಮೊಬೈಲುಗಳಲ್ಲಿ ಒಂದು ಕಾಲುವೆಯ ಪಾಲು, ಇನ್ನೊಂದು ತಗರಿನ ಕಾಲಡಿ. "ನನಗ್ಯಾಕೆ? ದಾರೀಲಿ ಎಲ್ಲರ ಕೈಯಾಗೂ ಐತೆ" ಎನ್ನುತ್ತಾನೆ. ಅಂಕೆ ಬಾರದವನು. ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ತಗರನ್ನೇ ಮುಂದೆ ನಿಲ್ಲಿಸಿ ನಂಬರು ಕಲಿಸಿದ್ದೆ. ಮೊದಲು ಸೊನ್ನೆ, ಹಗ್ಗದ ಕುಣಿಕೆ. ಆಮೇಲೆ ಎರಡು ಕಿವಿ, ಎರಡು ಕೊಂಬು, ನಾಲ್ಕು ಕಾಲು ಎಲ್ಲ ಸೇರಿ ಎಂಟು, ಒಂದು ಬಾಲ… ಹೀಗೆ ಕೊನೆಯವರೆಗೆ. ನನ್ನ ಮೊದಲ ವಿದ್ಯಾರ್ಥಿ. ಮಂದೆ ಒಂದು ಹೊಲದಿಂದ ಇನ್ನೊಂದಕ್ಕೆ ಎದ್ದಾಗಲೆಲ್ಲ ಯಾರದೋ ಫೋನು ಕೇಳಿ, ನಂಬರು ಹೇಳಿ ಒತ್ತಿಸುತ್ತಾನೆ. ಅಜ್ಜಿ ಎತ್ತುತ್ತಾಳೆ.

ಫೆಬ್ರವರಿ 19, ಬುಧವಾರ

ಕೃಷ್ಣಮೂರ್ತಿಯವರೇ ಏಣಿ ಹತ್ತಿ ಕೇಬಲ್ ಎಳೆದರು. ವೇಗ ಅದ್ಭುತ. ಆದರೆ—

"ಫೋನಿನ ವೈರ್ ಎಲ್ಲಿ ಸಿಕ್ಕಿಸೋದು ಅಂಕಲ್?"

"ಯಾವ ಫೋನಮ್ಮ? ನಮ್ದರಾಗೆ ಬರೀ ನೆಟ್ಟು."

"ಹಳೇ ನಂಬರು ಇದಕ್ಕೆ ವರ್ಗ ಆಗುತ್ತಲ್ಲ?"

ಅವರು ನಕ್ಕರು. ಕೆಟ್ಟ ನಗೆಯಲ್ಲ. "ಅದು ಟೆಲಿಫೋನ್ ಆಫೀಸಿನೋರ ತಾವಕ್ಕೇ ವಾಪಸ್ ಹೋತು. ಸರೆಂಡರ್ ಬರ್ಕೊಟ್ಟೀರಲ್ಲಮ್ಮ! ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ ನಾನು?"

ಕೇಳಬಹುದಿತ್ತು. ಅವರ ಅಂಗಡಿಯ ಮುಂದೆಯೇ ಎರಡು ಬಾರಿ ಹಾದುಹೋಗಿದ್ದೆ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲ.

ಅಜ್ಜಿ ಜಗಲಿಯ ಬಿಸಿಲಿನಲ್ಲಿದ್ದಳು. ಅವ್ವ ನೀರಿಗೆ ಹೋಗಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಫೋನನ್ನು ಒರೆಸಿ ಗೂಡಿನಲ್ಲಿಟ್ಟೆ. ತಂತಿಯ ತುದಿಯನ್ನು ಹಿಂದಕ್ಕೆ ಮಡಚಿದೆ. ಬಟ್ಟೆ ಹೊದಿಸಿದೆ. ಯಾಕೆ ಹಾಗೆ ಮಾಡಿದೆನೋ. ಕೈ ತಾನಾಗಿ ಮಾಡಿತು ಎಂದು ಬರೆಯಬಹುದು, ಆದರೆ ಅದು ಸುಳ್ಳು.

ಫೆಬ್ರವರಿ 20

ಬೆಳಿಗ್ಗೆಯೇ ಟೆಲಿಫೋನ್ ಕಚೇರಿಗೆ ಹೋದೆ. ಅರ್ಜಿ ಮೆಚ್ಚಿದ್ದವರೇ ಇದ್ದರು. "ಬರಲ್ಲಮ್ಮ. ನಿಮ್ಮ ಬೀದೀಲಿ ನಿಮ್ದೊಂದೇ ಉಳಿದಿತ್ತು, ತಂತೀನೂ ಸುತ್ತಿಟ್ಟಾಯ್ತು." ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು. ಕುಳಿತುಕೊಳ್ಳಲಿಲ್ಲ.

ದೊಡ್ಡಪ್ಪನ ಜೊತೆ ದೇವಸಮುದ್ರದ ಬೋರಣ್ಣ ಇದ್ದಾರೆ. ಅವರ ಬಳಿ ಮೊಬೈಲ್ ಇದೆ. ನಂಬರು ನಮ್ಮಲ್ಲಿ ಇಲ್ಲ. ಎಂದೂ ಬೇಕಾಗಿರಲಿಲ್ಲ.

ಸಂದರ್ಶನ ಮುಗಿಯಲಿ. ಮುಗಿದ ತಕ್ಷಣ ಎಲ್ಲರಿಗೂ ಹೇಳುತ್ತೇನೆ. ಈಗ ಮನೆಯಲ್ಲಿ ರಂಪವಾದರೆ ಓದಲಾಗದು. ಇದು ಸಮಂಜಸವಾದ ನಿರ್ಧಾರ.

ಮಾರ್ಚ್ 6, ಗುರುವಾರ

ಒಂದು ಕ್ಷಣವೂ ಲೈನ್ ತಡವರಿಸಲಿಲ್ಲ. ಪ್ರತಿ ಪ್ರಶ್ನೆಗೂ ಉತ್ತರಿಸಿದೆ. ಹಿರಿಯ ಪ್ರೊಫೆಸರೊಬ್ಬರು, "ಒಂದು ಅಂಕಿಅಂಶ ಕಾಣೆಯಾದಾಗ ಏನು ಮಾಡುವಿರಿ?" ಎಂದರು. "ಅದು ಏಕೆ ಕಾಣೆಯಾಯಿತು ಎಂಬುದನ್ನು ಮೊದಲು ತಿಳಿಯಬೇಕು, ಸರ್" ಎಂದೆ. ಮೆಚ್ಚಿ ತಲೆಯಾಡಿಸಿದರು.

ಬಾಗಿಲು ತೆರೆದೆ. ಅಜ್ಜಿ ಗೂಡಿನ ಪಕ್ಕ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದಳು. "ಚೆಂದಾಗಿ ಹೇಳಿದೇನವ್ವ?" ಎಂದಳು.

ಇಂದು ಹೇಳಲಿಲ್ಲ.

ಮಾರ್ಚ್ 30, ಭಾನುವಾರ. ಯುಗಾದಿ

ಯುಗಾದಿಗೆ ದೊಡ್ಡಪ್ಪ ಫೋನು ಮಾಡದ ವರ್ಷವಿಲ್ಲ. ಎಲ್ಲಿದ್ದರೂ.

ಅಜ್ಜಿ ಎಣ್ಣೆನೀರು ಮುಗಿಸಿ, ಹೊಸ ಸೀರೆಯುಟ್ಟು, ಗೂಡಿನ ಪಕ್ಕ ಕುಳಿತಳು. ಟಿವಿ ಹಾಕಗೊಡಲಿಲ್ಲ. ಅವ್ವ ಒಳಗೆ ಪಾತ್ರೆ ಬೀಳಿಸಿದರೆ, "ಸದ್ದು ಮಾಡಬ್ಯಾಡ್ರೇ!" ಎಂದು ಗದರಿದಳು. ಎಲೆ ಹಾಕಿದೆವು. "ಯತ್ತ ಮಾತಾಡ್ಲಿ, ಆಮೇಲುಣ್ತೀನಿ" ಎಂದಳು. ಹೋಳಿಗೆ ಆರಿತು.

"ಮಂದೆ ದೂರ ಹೋಗಿರ್ಬೇಕು. ನೀನುಣ್ಣವ್ವ" ಎಂದರು ಅಪ್ಪ.

"ದೂರ ಹೋದ್ರೆ? ಫೋನಿಗೇನು ಕಾಲೈತಾ, ದಣಿಯೋಕೆ?"

ನಾನು ಬಾಯಿಬಿಟ್ಟೆ. "ಸಿಗ್ನಲ್ ಇಲ್ಲದ ಕಡೆ ಇರ್ತಾನೆ ಅಜ್ಜಿ" ಎಂಬ ಮಾತು ಹೊರಬಂತು. ಎಷ್ಟು ನಯವಾಗಿ ಬಂತು! ಅಜ್ಜಿ ನಂಬಿದಳು. ನಾನು ಹೇಳಿದ್ದನ್ನು ಈ ಮನೆಯಲ್ಲಿ ಯಾರೂ ಮರುಪ್ರಶ್ನಿಸುವುದಿಲ್ಲ.

ಬೇವು ನನ್ನ ನಾಲಗೆಗೆ ಏನೂ ಅನ್ನಿಸಲಿಲ್ಲ. ಹೋಳಿಗೆಯೂ ಅಷ್ಟೆ.

ಏಪ್ರಿಲ್ 20

ಆಯ್ಕೆಯಾದೆ. ಇಮೇಲ್ ಬಂತು. ಅಪ್ಪ ಮಿಲ್ಲಿನವರಿಗೆಲ್ಲ ಪೇಡೆ ಹಂಚಿದರು. ಬೀದಿಯವರು ಬಂದು ಹೋದರು. ಪಕ್ಕದ ಮನೆಯ ಗೀತಮ್ಮ ತಮ್ಮ ಮಗಳನ್ನು ಕರೆತಂದು, "ಇವಳ ತಲೆ ಮುಟ್ಟಿ ಹರಸವ್ವ" ಎಂದರು. ಮುಟ್ಟಿದೆ.

ಅಜ್ಜಿ: "ಯತ್ತ ಮಾಡ್ಲಿ, ನಾನೇ ಹೇಳ್ತೀನಿ. ನೀವ್ಯಾರೂ ಮುಂದೆ ಬಿದ್ದು ಹೇಳಬ್ಯಾಡ್ರಿ."

ಈಗ ಹಗಲು ಜಗಲಿಗೂ ಹೋಗುವುದಿಲ್ಲ ಅವಳು. ಬಚ್ಚಲಿಗೆ ಹೋದರೆ ಅವ್ವನನ್ನು ಫೋನಿನ ಕಾವಲಿಗೆ ಕೂರಿಸುತ್ತಾಳೆ.

ಮೇ 19, ಸೋಮವಾರ

ಬೋರಣ್ಣ ಬಂದಿದ್ದರು. ಮರಿ ಮಾರಲು ಚಳ್ಳಕೆರೆಗೆ ಬಂದವರು ಮನೆ ಹುಡುಕಿಕೊಂಡು ಬಂದರು. ಅಪ್ಪ ಮಿಲ್ಲಿನಲ್ಲಿ, ಅವ್ವ ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಿದ್ದಳು. ಬಲವಂತ ಮಾಡಿ ಕರೆದೊಯ್ದದ್ದು. ಫೋನಿನ ಕಾವಲಿಗೆ ನಾನು.

"ದೊಡ್ಡಪ್ಪ ಎಲ್ಲಿ?" ಎಂದೆ, ನೀರು ಕೊಡುವ ಮೊದಲೇ.

"ಚೆಂದಾಗವ್ನೆ, ಗಾಬರಿ ಬೀಳಬ್ಯಾಡ. ನನ್ನ ಮಗಳ ಮದುವೆ ಅಂತ ನಾನು ಮುಂದಾಗಿ ಬಂದೆ. ಅವನು ರಾಯದುರ್ಗದ ಕಡೆಯ ಅಂಜಿನೇಯನ ಹಿಂಡಿನ ಜೊತೆ ಕೂಡಿ ಬರ್ತಾ ಐದಾನೆ." ಲೋಟ ಕೆಳಗಿಟ್ಟು ಸುತ್ತ ನೋಡಿದರು. "ಒಂದು ಮಾತೈತೆ. ಹೇಳಬ್ಯಾಡ ಅಂದಾನೆ. ನಿನಗಂತೂ ಹೇಳ್ಲೇಬ್ಯಾಡ ಅಂದಾನೆ."

"ಏನು?"

"ನಂಬರು ಮರ್ತುಬಿಟ್ಟವ್ನೆ ಕಣವ್ವ. ಹೊಲದೋರ ಫೋನಿನಾಗೆ ಒತ್ತಿಸ್ತಾನೆ, ಯಾವಳೋ ಹೆಂಗಸು ಈ ನಂಬರು ಇಲ್ಲ ಅಂತಾಳೆ. ನನ್ನದರಾಗೂ ಒತ್ತಿದೆ, ಅವಳೇ! ಯುಗಾದಿ ದಿನ ಊರೆಲ್ಲ ತಿರುಗಿ ಎಷ್ಟು ಜನರ ಫೋನ್ ಇಸ್ಕೊಂಡ ಅಂತೀಯ. ಹುಡುಗ್ರು ನಕ್ಕರು, ಸ್ವಂತ ಮನೆ ನಂಬರು ಗೊತ್ತಿಲ್ಲ ಮುದುಕಂಗೆ ಅಂತ. ಅವತ್ತಿಂದ ಯಾರನ್ನೂ ಕೇಳಿಲ್ಲ. ಹುಡುಗಿ ಕಷ್ಟಪಟ್ಟು ಕಲಿಸಿತ್ತು, ತಲೆಯಾಗೆ ಉಳೀಲಿಲ್ಲ ನೋಡು ಅಂತಾನೆ. ಕುರಿ ಮುಂದೆ ಕುಂತು ಕಿವಿ, ಕೊಂಬು ಅಂತ ತನಗೆ ತಾನೇ…"

ನನ್ನ ಮೊಬೈಲ್ ನಂಬರು ಬರೆದುಕೊಡಲು ಹೋದೆ. "ನಾನ್ಯಾವಾಗ ಸಿಗ್ತೀನವ್ವ ಅವನಿಗೆ? ಮಳೆ ಬಿದ್ರೆ ಜಟಿಂಗ ರಾಮೇಶ್ವರದ ಬೆಟ್ಟದ ಬುಡಕ್ಕೆ ಬಂದು ಮಂದೆ ಬೀಳ್ತೈತೆ. ಹತ್ತು ದಿನದಾಗೋ ಹದಿನೈದ್ರಾಗೋ. ಬಂದಾಗ ದೇವಸಮುದ್ರದಿಂದ ಫೋನ್ ಮಾಡ್ತೀನಿ" ಎಂದು ಆ ನಂಬರನ್ನು ತಾವೇ ಇಟ್ಟುಕೊಂಡರು. ತಾವು ಬಂದದ್ದನ್ನು ಅಜ್ಜಿಗೆ ಹೇಳಬೇಡ ಎಂದೂ ಅಂದರು. ದೊಡ್ಡಪ್ಪನ ಮರ್ಯಾದೆಯ ಪ್ರಶ್ನೆಯಂತೆ.

ದೊಡ್ಡಪ್ಪನ ಮರ್ಯಾದೆ.

ತಾನು ದಡ್ಡ ಎಂದುಕೊಂಡಿದ್ದಾನೆ. ಸುಳ್ಳು ಹೇಳಿದವಳು ನಾನು. ನಾಚಿಕೊಂಡು ತಿರುಗುತ್ತಿರುವವನು ಅವನು.

ಜೂನ್ 1, ಭಾನುವಾರ. ಸಂಜೆ

ನಿನ್ನೆ ಬೋರಣ್ಣನ ಫೋನು ಬಂತು. ಇಂದು ಗೆಳತಿ ಶಿಲ್ಪಳ ಮನೆಗೆಂದು ಹೇಳಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಇನ್ನೊಂದು ಸುಳ್ಳು. ಅಲ್ಲಿಂದ ಮತ್ತೊಂದು ಬಸ್ಸು, ಕೊನೆಗೆ ನಡಿಗೆ. ಬಂಡೆಗಳ ನಡುವೆ ಹೊಸ ಹಸಿರು. ದೂರದಿಂದಲೇ ಕಂಬಳಿ ಗುರುತಿಸಿದೆ.

ನನ್ನನ್ನು ಕಂಡವನೇ ಕೋಲು ಬಿಟ್ಟ. "ನಮ್ಮವ್ವ… ನಮ್ಮವ್ವ ಹೋದ್ಲಾ?"

ನಾನು ಇಷ್ಟು ದೂರ ಬಂದಿರಬೇಕಾದರೆ ಅವನಿಗೆ ಬೇರೆ ಕಾರಣ ಹೊಳೆಯಲಿಲ್ಲ. ಇಲ್ಲ ಇಲ್ಲ ಎಂದು ಕೈ ಹಿಡಿದುಕೊಂಡೆ. ಬಿದ್ದ ಕೋಲನ್ನು ಎತ್ತಿಕೊಂಡು ಬಂಡೆಯ ಮೇಲೆ ಕುಳಿತ. ನಾನು ಮಾತು ಎತ್ತುವ ಮೊದಲೇ ಅವನೇ ಕ್ಷಮೆ ಕೇಳತೊಡಗಿದ. "ಮರ್ತುಬಿಟ್ಟೆ ಕಣವ್ವ. ವಯಸ್ಸಾತು. ನೀನು ಬೈಬ್ಯಾಡ."

"ಹೇಳು ದೊಡ್ಡಪ್ಪ. ನೆನಪಿದ್ದಷ್ಟು ಹೇಳು."

ಹತ್ತಿರದ ತಗರಿನ ಮೇಲೆ ಕೋಲು ಆಡಿಸುತ್ತ ಹೇಳಿದ. ಕುಣಿಕೆಯಿಂದ ಆರಂಭಿಸಿ, ಕಿವಿ, ಕೊಂಬು, ಕಾಲು, ಬಾಲ, ಕೊನೆಯ ಅಂಕೆಯವರೆಗೆ. ಒಂದೂ ತಪ್ಪಲಿಲ್ಲ.

ಹೇಳಿದೆ. ಎಲ್ಲವನ್ನೂ, ಅಲಂಕಾರವಿಲ್ಲದೆ. ನಾನೇ ನಂಬರು ತೆಗೆಸಿದ್ದು. ಗೊತ್ತಿಲ್ಲದೆ ಗೊತ್ತಿದೆ ಎಂದದ್ದು.

ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಆಮೇಲೆ, "ಹಂಗಾದ್ರೆ ನಾನು ಮರ್ತಿಲ್ಲ?" ಎಂದ.

"ಇಲ್ಲ ದೊಡ್ಡಪ್ಪ."

ಎದ್ದು ನಿಂತು, ಆಚೆ ಒಲೆ ಹೂಡುತ್ತಿದ್ದವನಿಗೆ ತೆಲುಗಿನಲ್ಲಿ ಕೂಗಿದ: "ಒರೇಯ್ ಅಂಜಿನೇಯಾ! ನೇನು ಮರಿಚಿಪೋಲೇದಂಟ್ರಾ! ನಂಬರೇ ಲೇದಂಟ!" ತಾನು ಮರೆತಿಲ್ಲವಂತೆ, ನಂಬರೇ ಇಲ್ಲವಂತೆ ಎಂದು ಸಾರಿ ಮಗುವಿನ ಹಾಗೆ ನಕ್ಕ. ಆ ನಗು ನೋಡಲಾಗದೆ ಕುರಿಗಳ ಕಡೆ ನೋಡಿದೆ.

ನಗು ನಿಂತ ಮೇಲೆ ಮೆಲ್ಲಗೆ ಕೇಳಿದ. "ಯುಗಾದಿಗೆ ಮುಂಚೇನೇ ಗೊತ್ತಿತ್ತೇನವ್ವ ನಿನಗೆ?"

"ಗೊತ್ತಿತ್ತು."

"ನಮ್ಮವ್ವಂಗೆ?"

"ಗೊತ್ತಿಲ್ಲ. ಇನ್ನೂ…"

"ಅಯ್ಯೋ." ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಕಾಯ್ತಾ ಕುಂತಿರ್ತಾಳಲ್ಲೇ, ಮಗಳೇ."

ಅಷ್ಟೇ. ನಂತರ ಅಂಜಿನೇಯ ತಂದ ಚಹಾ ಕುಡಿದೆವು. ಫೆಲೋಶಿಪ್ಪಿನ ವಿಷಯ ನಾನು ಎತ್ತಲಿಲ್ಲ. ಅದು ಅಜ್ಜಿಯ ಪಾಲಿನ ಸುದ್ದಿ. ಹೊರಡುವಾಗ ನನ್ನ ಮೊಬೈಲ್ ನಂಬರು ಕಲಿಸುತ್ತೇನೆ, ಹತ್ತು ಅಂಕೆ, ತಗರಿನ ಮೇಲೇ ಹೊಸ ಲೆಕ್ಕ ಕಟ್ಟೋಣ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ಕೋಪದಿಂದಲ್ಲ.

"ಆಮೇಲೆ ಕಲೀತೀನಿ. ಮೊದ್ಲು ಅವಳಿಗೆ ಹೇಳು. ಹೇಳದಿದ್ರೆ ನಾನು ಹೊಸಾ ನಂಬರಿಗೆ ಮಾಡಿ ಏನಂತ ಮಾತಾಡ್ಲಿ? ನಾನೂ ಸುಳ್ಳು ಹೇಳ್ಲಾ?"

ಬಸ್ಸಿನುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಎಲ್ಲವೂ ವ್ಯಾಕರಣಬದ್ಧವಾಗಿದ್ದವು. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ.

ಮನೆ ತಲುಪಿ ಕೈಕಾಲು ತೊಳೆದೆ. ಅಪ್ಪನಿಗೆ ಬಾಗಿಲಲ್ಲೇ ಹೇಳಿಬಿಟ್ಟೆ. ನನ್ನನ್ನು ಮೊದಲ ಬಾರಿ ನೋಡುವಂತೆ ನೋಡಿದರು. "ಅಜ್ಜಿಗೆ ನಾನು ಹೇಳಲ್ಲ. ನೀನೇ ಹೇಳು" ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವ್ವ ಒಲೆಯ ಮುಂದಿದ್ದಾಳೆ. ಊಟವಾಗಲಿ, ಆಮೇಲೆ ಹೇಳೋಣ ಎಂದು ಇಲ್ಲಿ ಬರೆಯುತ್ತ ಕುಳಿತಿದ್ದೇನೆ. ಬರೆಯುವುದೂ ತಪ್ಪಿಸಿಕೊಳ್ಳುವುದೇ.

ಅಜ್ಜಿ ಕರೆಯುತ್ತಿದ್ದಾಳೆ.

"ಏ ಸ್ವಪ್ನಾ! ಈ ಫೋನಿನ ಬಟ್ಟೆ ಒಗೆಯಾಕೆ ಹಾಕೇ, ಧೂಳು ಹಿಡಿದೈತೆ. ಮಳೆ ಬಂತಲ್ಲ, ಯತ್ತ ಈಗ ಮಾಡೋ ಹೊತ್ತು."

ಹೋಗುತ್ತೇನೆ. ಬಟ್ಟೆ ಆಮೇಲೆ. ಮೊದಲು ಫೋನನ್ನೇ ಎತ್ತಿ ಅವಳ ಕಿವಿಗೆ ಹಿಡಿದು, ಕೇಳು ಅಜ್ಜಿ, ಏನಾದರೂ ಸದ್ದು ಬರ್ತೈತಾ ಎಂದು ಕೇಳುತ್ತೇನೆ. ಬರಲ್ಲ ಎಂದರೆ, ಏಕೆ ಬರಲ್ಲ ಎಂಬುದನ್ನೂ ನಾನೇ ಹೇಳುತ್ತೇನೆ.